ನಡೆದ ನೆಲದ ಋಣ

ಬದುಕಿನ ಬಹುಪಾಲನ್ನು ಒಂದೇ ಊರಿನಲ್ಲಿ ಕಳೆದು, ಇಳಿವಯಸ್ಸಿನಲ್ಲಿ ಮಕ್ಕಳ ಜೊತೆಗಿರಲೆಂದು ಪರದೇಶಕ್ಕೆ ಹೋಗಿ ನೆಲೆಸುವವರು ಈಗ ನಮ್ಮಲ್ಲಿ ಮನೆಮನೆಯಲ್ಲೂ ಇದ್ದಾರೆ. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ, ಹೊಸ ದೇಶದಲ್ಲಿ ನಿಮಗೆ ಮೊದಲು ಹತ್ತಿರವಾದ ಜಾಗ ಯಾವುದು ಎಂದು. ಹೆಸರಾಂತ ಅರಮನೆಗಳನ್ನು, ಸೇತುವೆಗಳನ್ನು ಅವರು ನೋಡಿರುತ್ತಾರೆ, ಫೋಟೊಗಳೂ ಇರುತ್ತವೆ. ಆದರೆ ಉತ್ತರವಾಗಿ ಬರುವುದು ಮನೆಯ ಹತ್ತಿರದ ಯಾವುದೋ ಪಾರ್ಕಿನ ಹೆಸರು. ‘ಬೆಳಗ್ಗೆ ಒಂದು ಸುತ್ತು ಅಲ್ಲಿ ಹೋಗಿ ಬರದಿದ್ದರೆ ದಿನ ಶುರುವಾದಂತೆಯೇ ಅನ್ನಿಸುವುದಿಲ್ಲ’ ಎನ್ನುತ್ತಾರೆ. ವೈದ್ಯರು ಹೇಳಿದರೆಂದು ಆರಂಭವಾದ ನಡಿಗೆ ಯಾವಾಗ ದಿನದ ಆಧಾರವಾಯಿತೋ ಅವರಿಗೂ ತಿಳಿಯದು. ಮರ, ಹುಲ್ಲು, ಒಂದು ಕೊಳ, ನಾಲ್ಕು ಬೆಂಚು: ಇಷ್ಟರಲ್ಲಿ ಊರು ಬಿಟ್ಟು ಬಂದ ಜೀವಕ್ಕೆ ಸಿಗುವುದಾದರೂ ಏನು? ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಊರು ಬಿಡುವುದೆಂದರೆ ಏನನ್ನು ಬಿಡುವುದು? ಮನೆ, ಆಸ್ತಿ, ನೆಂಟರಿಷ್ಟರು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಹೋದ ಮೇಲೆ ಕಾಡುವ ಕೊರತೆ ಇನ್ನೂ ಸಣ್ಣದು, ಇನ್ನೂ ಆಳದ್ದು. ಸೊಪ್ಪಿನಾಕೆ ಕೇಳುವ ಮೊದಲೇ ದಂಟಿನ ಸೊಪ್ಪಿನ ಕಟ್ಟನ್ನು ಬೇರೆ ತೆಗೆದಿಡುತ್ತಿದ್ದಳು. ಔಷಧಿ ಅಂಗಡಿಯವನು ಚೀಟಿ ನೋಡದೆಯೇ ಬಿ.ಪಿ. ಮಾತ್ರೆಯನ್ನು ಕೈಗಿಡುತ್ತಿದ್ದ. ದಾರಿಯಲ್ಲಿ ಎದುರಾದವರು ‘ಏನ್ ಸಾರ್, ಎರಡು ದಿನದಿಂದ ಕಾಣಲೇ ಇಲ್ಲವಲ್ಲ’ ಎನ್ನುತ್ತಿದ್ದರು. ನಾವು ಇದ್ದೇವೆ ಎಂಬುದನ್ನು ಊರು ದಿನಕ್ಕೆ ಹತ್ತು ಸಲ ಒಪ್ಪಿಕೊಳ್ಳುತ್ತಿತ್ತು. ನಾವು ಕಾಣದಿದ್ದರೆ ವಿಚಾರಿಸುತ್ತಿತ್ತು. ಅಲ್ಲಿ ಇರುವಷ್ಟು ಕಾಲ ಅದು ನಮಗೆ ದೊರೆಯುತ್ತಿದ್ದ ಸಂಪತ್ತು ಎಂದು ಯಾರಿಗೆ ಹೊಳೆದಿತ್ತು? ಗಾಳಿಯನ್ನು ಯಾರು ಲೆಕ್ಕ ಇಡುತ್ತಾರೆ!

ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಪ್ರೀತಿಗೆ ಕೊರತೆಯಿಲ್ಲ. ಆದರೂ ಬೆಳಗಾದರೆ ಅವರವರ ಕೆಲಸಕ್ಕೆ ಅವರು, ಶಾಲೆಗೆ ಮೊಮ್ಮಕ್ಕಳು. ಬಾಗಿಲು ಹಾಕಿಕೊಂಡ ಮೇಲೆ ಮನೆಯಲ್ಲಿ ಉಳಿಯುವುದು ನಾವು, ನಮ್ಮ ಮೊಬೈಲು, ಊರಿನಲ್ಲಿ ಈಗ ಎಷ್ಟು ಗಂಟೆ ಎಂಬ ಮನಸ್ಸಿನೊಳಗಿನ ಲೆಕ್ಕ. ಆ ಮನೆಗೆ ಅದರದೇ ಕ್ರಮಗಳಿವೆ, ಆ ಬೀದಿಗೆ ಅದರದೇ ಮೌನವಿದೆ. ಎಲ್ಲಿ ಏನು ಮಾಡಿದರೆ ಸರಿ, ಏನು ಮಾಡಿದರೆ ತಪ್ಪು ಎಂಬ ಸಂಕೋಚ ಕಾಲಿಗೆ ತೊಡರುತ್ತಲೇ ಇರುತ್ತದೆ. ಬ್ಯಾಂಕಿನಲ್ಲಿ ಗುರುತಿನ ಚೀಟಿ, ಆಸ್ಪತ್ರೆಯಲ್ಲಿ ವಿಳಾಸದ ದಾಖಲೆ, ಬಸ್ಸಿನಲ್ಲಿ ಕಾರ್ಡು. ಪಾರ್ಕಿನ ಗೇಟು ಮಾತ್ರ ಏನನ್ನೂ ಕೇಳುವುದಿಲ್ಲ. ವೀಸಾ ಎಷ್ಟು ದಿನದ್ದು ಎಂಬ ಪ್ರಶ್ನೆಯಿಲ್ಲ, ಭಾಷೆಯ ಪರೀಕ್ಷೆಯಿಲ್ಲ, ಒಳಗೆ ಬಂದದ್ದೇಕೆ ಎಂಬ ವಿಚಾರಣೆಯಿಲ್ಲ. ನಡೆಯಲು ಎರಡು ಕಾಲಿದ್ದರೆ ಸಾಕು. ಕಾಲು ನೋಯುವವರಿಗೆ ಬೆಂಚೂ ಇದೆ.

ಆದರೆ ಏನನ್ನೂ ಕೇಳದ ಜಾಗದಲ್ಲಿ ಹಾಯೆನಿಸಬಹುದು, ಅಷ್ಟರಿಂದಲೇ ಅದು ನಮ್ಮದಾಗುತ್ತದೆಯೇ? ರೈಲ್ವೆ ನಿಲ್ದಾಣವೂ ಯಾರು ನೀವೆಂದು ಕೇಳುವುದಿಲ್ಲ. ಅಲ್ಲಿ ನಮಗೆ ನೆಲೆ ಸಿಕ್ಕಿತೆಂದು ನಾವು ಹೇಳುವುದಿಲ್ಲವಲ್ಲ. ಪಾರ್ಕಿನಲ್ಲಿ ಆಗುವುದು ಬೇರೆ ಏನೋ. ಅದನ್ನು ಒಂದು ನಿಜವಾದ ಪಾರ್ಕನ್ನು ಮುಂದಿಟ್ಟುಕೊಂಡೇ ನೋಡೋಣ.

ಲಂಡನ್ನಿನ ಪಶ್ಚಿಮಕ್ಕೆ, ಈಲಿಂಗ್ ಮತ್ತು ಹೌನ್ಸ್ಲೋ ಕಡೆಯವರಿಗೆ ಚಿರಪರಿಚಿತವಾದ ಗನರ್ಸ್‌ಬರಿ ಪಾರ್ಕ್ ಇದೆ. ಸುಮಾರು 186 ಎಕರೆ. ದೊರೆ ಎರಡನೆಯ ಜಾರ್ಜನ ಮಗಳು ರಾಜಕುಮಾರಿ ಅಮೀಲಿಯಾ ಬೇಸಿಗೆ ಕಳೆಯುತ್ತಿದ್ದ ಎಸ್ಟೇಟು ಅದು. 1835ರಲ್ಲಿ ರಾಥ್ಸ್‌ಚೈಲ್ಡ್ ಎಂಬ ಸಿರಿವಂತ ಮನೆತನ ಅಲ್ಲಿನ ಬಂಗಲೆಯನ್ನು ಕೊಂಡಿತು. ಮೂರು ತಲೆಮಾರು ಅಲ್ಲಿ ಬಾಳಿತು. 1925ರಲ್ಲಿ ಸ್ಥಳೀಯ ನಗರಸಭೆಗಳು ಅದನ್ನು ಕೊಂಡುಕೊಂಡವು, 1926ರ ಮೇ ತಿಂಗಳಲ್ಲಿ ಗೇಟು ಎಲ್ಲರಿಗೂ ತೆರೆಯಿತು. ಅಂದು ರಾಜಕುಮಾರಿಯ ಅತಿಥಿಗಳಷ್ಟೇ ಸುತ್ತುತ್ತಿದ್ದ ದುಂಡು ಕೊಳದ ದಂಡೆಯಲ್ಲಿ ಇಂದು ಮಫ್ಲರ್ ಸುತ್ತಿಕೊಂಡ ಪಂಜಾಬಿ ಅಜ್ಜ, ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟು ಬಿಳಿ ಸ್ನೀಕರ್ಸ್ ಹಾಕಿದ ಗುಜರಾತಿ ಅಜ್ಜಿ, ಮಗುವಿನ ಗಾಡಿ ತಳ್ಳುವ ಸೊಮಾಲಿ ತಾಯಿ, ನಾಯಿಯ ಹಿಂದೆ ಬಿರಬಿರನೆ ನಡೆಯುವ ಇಂಗ್ಲಿಷ್ ಹೆಂಗಸು ಎಲ್ಲರೂ ನಡೆಯುತ್ತಾರೆ. ಅವರ ನಡುವೆ ನಮ್ಮ ಮೈಸೂರಿನ, ಹಾಸನದ, ಧಾರವಾಡದ ಹಿರಿಯರೂ ಇದ್ದಾರೆ.

ಆ ಗೇಟು ತಾನಾಗಿ ತೆರೆಯಿತೆಂದು ನಾವು ಭಾವಿಸಬಾರದು. ಒಂದು ಕಾಲಕ್ಕೆ ದೊಡ್ಡ ದೊಡ್ಡ ಬಯಲುಗಳೆಲ್ಲ ಅರಸರ ಬೇಟೆಗೆ, ಶ್ರೀಮಂತರ ವಿಹಾರಕ್ಕೆ ಮೀಸಲಾಗಿದ್ದವು. ಹೈಡ್ ಪಾರ್ಕ್ 1637ರಲ್ಲಿ ಜನರಿಗೆ ತೆರೆದದ್ದು. ಅದಕ್ಕೆ ಮೊದಲು ಅದು ದೊರೆಯ ಜಿಂಕೆವನ. ಮುಂದೆ 18ನೆಯ ಶತಮಾನದಲ್ಲಿ ರಾಣಿ ಕ್ಯಾರೊಲೈನ್, ಸೇಂಟ್ ಜೇಮ್ಸ್ ಪಾರ್ಕನ್ನು ಮುಚ್ಚಿಸಿ ಅರಮನೆಯ ತೋಟವಾಗಿ ಮಾಡಿಕೊಂಡರೆ ಎಷ್ಟು ಖರ್ಚಾದೀತು ಎಂದು ಪ್ರಧಾನಿ ರಾಬರ್ಟ್ ವಾಲ್ಪೋಲ್‌ನನ್ನು ಕೇಳಿದಳಂತೆ. ಮೂರು ಕಿರೀಟಗಳಷ್ಟೇ ಎಂಬುದು ಆತನ ಉತ್ತರ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರರ ಪಟ್ಟವೂ ಕೈಬಿಟ್ಟೀತು ಎಂಬ ಎಚ್ಚರಿಕೆ ಅದು. ಆತನ ಮಗ ಬರೆದಿಟ್ಟ ಈ ಪ್ರಸಂಗದಲ್ಲಿ ಒಂದು ದೊಡ್ಡ ತಿಳಿವಳಿಕೆಯಿದೆ. ಜನ ನಡೆಯುತ್ತ ನಡೆಯುತ್ತ ಒಂದು ನೆಲದೊಡನೆ ಅವರಿಗೆ ಎಂಥ ನಂಟು ಬೆಳೆದಿತ್ತೆಂದರೆ, ಅದನ್ನು ಕಿತ್ತುಕೊಳ್ಳಲು ಸಿಂಹಾಸನಕ್ಕೂ ಧೈರ್ಯ ಸಾಲದಾಗಿತ್ತು.

ಮುಂದೆ ಕಾರ್ಖಾನೆಗಳ ಕಾಲ ಬಂತು. ಹೊಗೆ, ಕಿಷ್ಕಿಂಧೆಯಂಥ ಮನೆಗಳು, ಉಸಿರಾಡಲು ಎಡೆಯಿಲ್ಲದ ಓಣಿಗಳು. ಬಡವರಿಗೆ ನಡೆಯಲು ಜಾಗವೆಲ್ಲಿ ಎಂದು ವಿಚಾರಿಸಲು 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಒಂದು ಸಮಿತಿಯನ್ನು ನೇಮಿಸಬೇಕಾಯಿತು. ಪೂರ್ವ ಲಂಡನ್ನಿನ 30,000 ಮಂದಿ ತಮಗೊಂದು ಪಾರ್ಕು ಬೇಕೆಂದು ಸಹಿ ಹಾಕಿ ರಾಣಿ ವಿಕ್ಟೋರಿಯಾಗೆ ಮನವಿ ಸಲ್ಲಿಸಿದರು. 1845ರಲ್ಲಿ ವಿಕ್ಟೋರಿಯಾ ಪಾರ್ಕ್ ತೆರೆಯಿತು. ಎರಡು ವರ್ಷಗಳ ಬಳಿಕ ಲಿವರ್‌ಪೂಲ್‌ಗೆ ಎದುರಿನ ಬರ್ಕೆನ್‌ಹೆಡ್ ಪಟ್ಟಣ ಸಾರ್ವಜನಿಕ ಹಣದಿಂದಲೇ ಪಾರ್ಕು ಕಟ್ಟಿತು. ಅಮೆರಿಕದಿಂದ ಬಂದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅದನ್ನು ನೋಡಿ ಬೆರಗಾದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವರಲ್ಲಿ ಮುಂದೆ ಆತನೇ ಒಬ್ಬನಾದ. ವಿಕ್ಟೋರಿಯಾ ಪಾರ್ಕಿಗಾಗಿ ಸಹಿ ಹಾಕಿದ ಆ ಮಂದಿಯಲ್ಲಿ ಎಷ್ಟು ಜನ ಆ ಮರಗಳ ನೆರಳನ್ನು ಕಂಡರೋ, ಎಷ್ಟು ಜನ ಸಸಿಗಳನ್ನಷ್ಟೇ ನೋಡಿ ಕಣ್ಮುಚ್ಚಿದರೋ. ಅವರು ಕೇಳಿ ಪಡೆದ ಗಾಳಿಯನ್ನು ಇಂದು ಉಸಿರಾಡುತ್ತಿರುವವರು ಯಾರು? ಅವರ ಭಾಷೆ ಬಾರದ, ಅವರ ದೇವರನ್ನು ಪೂಜಿಸದ, ಅವರ ಕಲ್ಪನೆಗೂ ಬಂದಿರದ ನಾವು.

ಇಲ್ಲಿಗೆ ಬಂದಾಗ ನಮ್ಮ ಹಿರಿಯರು ಬದುಕಿನ ಬಗ್ಗೆ ಯೋಚಿಸುತ್ತಿದ್ದ ರೀತಿ ನೆನಪಾಗುತ್ತದೆ. ಯಾವುದೇ ಊರಿನಲ್ಲಿ ಒಂದಷ್ಟು ಕಾಲ ಇದ್ದು ಬಂದವರು ‘ಆ ಊರಿನ ನೀರಿನ ಋಣ ಇತ್ತು’ ಎನ್ನುತ್ತಿದ್ದರು. ಹಕ್ಕಿನ ಮಾತಾಗಲಿ, ಒಡೆತನದ ಮಾತಾಗಲಿ ಅಲ್ಲಿ ಇರುತ್ತಿರಲಿಲ್ಲ. ನಂಟನ್ನು ಅವರು ಋಣದಿಂದ ಅಳೆಯುತ್ತಿದ್ದರು. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ಯಾರ ಬಾವಿಯ ನೀರು ಕುಡಿದೆವೋ ಅವರ ಊರು ಸ್ವಲ್ಪ ನಮ್ಮದೂ ಹೌದು, ನಾವು ಸ್ವಲ್ಪ ಆ ಊರಿನವರೂ ಹೌದು. ಈ ಲೆಕ್ಕದಲ್ಲಿ ನೋಡಿದರೆ ಪರದೇಶದ ಪಾರ್ಕು ನಮ್ಮದಾಗುವ ಬಗೆ ಸ್ಪಷ್ಟವಾಗುತ್ತದೆ. ಹುಟ್ಟಿನಿಂದ ಬಂದ ಹಕ್ಕು ನಮಗೆ ಅಲ್ಲಿಲ್ಲ, ಬಾಲ್ಯದ ನೆನಪೂ ಇಲ್ಲ. ಆದರೆ ದಿನದಿನವೂ ಅದರ ನೆರಳನ್ನು, ಗಾಳಿಯನ್ನು, ಬೆಂಚನ್ನು ಪಡೆಯುತ್ತಿದ್ದೇವೆ. ಪಡೆಯುತ್ತಿದ್ದೇವೆ ಎಂಬುದನ್ನು ಅರಿತುಕೊಂಡ ಗಳಿಗೆಯಲ್ಲಿ ನಂಟು ಹುಟ್ಟುತ್ತದೆ. ಯಾವ ನೆಲದ ಋಣ ನಮಗೆ ತಿಳಿದಿದೆಯೋ ಆ ನೆಲಕ್ಕೆ ನಾವು ಸೇರಿದವರು.

ಹಾಗಿದ್ದರೆ ಋಣ ತಿಳಿಯುವುದು ಹೇಗೆ? ಕಾರಿನಲ್ಲಿ ಹಾದುಹೋದರೆ ತಿಳಿಯದು. ಒಮ್ಮೆ ಬಂದು ನೋಡಿ ಹೋದರೂ ತಿಳಿಯದು. ಅದಕ್ಕೆ ನಡಿಗೆಯೇ ಬೇಕು, ಅದೂ ಅದೇ ದಾರಿಯಲ್ಲಿ ಮತ್ತೆ ಮತ್ತೆ. ನಮ್ಮ ಸಂಪ್ರದಾಯದಲ್ಲಿ ಯಾವ ಕರ್ಮಕ್ಕೂ ಮೊದಲು ಸಂಕಲ್ಪವಿದೆ. ಯಾವ ಕಾಲ, ಯಾವ ದೇಶ, ಯಾವ ನದಿಯ ಯಾವ ದಂಡೆ ಎಂದು ಹೇಳಿಕೊಂಡು, ತಾನು ನಿಂತಿರುವುದು ಎಲ್ಲಿ ಎಂಬುದನ್ನು ಮನದಟ್ಟು ಮಾಡಿಕೊಂಡ ಮೇಲೆಯೇ ಕೆಲಸ ಶುರು. ನಿಂತ ನೆಲವನ್ನು ಅರಿಯದೆ ಮಾಡಿದ ಕೆಲಸಕ್ಕೆ ಬುಡವಿಲ್ಲ ಎಂಬುದು ಅದರ ಭಾವ. ಬೆಳಗಿನ ನಡಿಗೆಯೂ ಅಂಥದೇ ಒಂದು ಸಂಕಲ್ಪವಲ್ಲವೇ? ಇಂದು ಗಾಳಿ ಯಾವ ಕಡೆಯದು, ಕೊಳದಲ್ಲಿ ಬಾತುಗಳಿವೆಯೇ, ಯಾವ ಮರ ಚಿಗುರಿತು, ಯಾವುದು ಇನ್ನೂ ಬೋಳು ಎಂದು ಕಣ್ಣು ಒಂದೊಂದನ್ನೇ ಗುರುತಿಸುತ್ತ ಹೋಗುತ್ತದೆ. ಮಂತ್ರವಿಲ್ಲದೆಯೇ ದೇಶಕಾಲಗಳು ಮನಸ್ಸಿಗಿಳಿಯುತ್ತವೆ.

ಕಾಲದ ವಿಷಯದಲ್ಲಂತೂ ಆ ನೆಲ ನಮಗೆ ಹೊಸ ಪಾಠವನ್ನೇ ಕಲಿಸುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲೇ ಹುಟ್ಟುತ್ತಾನೆ. ಅತಿ ಬೇಗ ಹುಟ್ಟುವ ದಿನಕ್ಕೂ ಅತಿ ತಡವಾಗಿ ಹುಟ್ಟುವ ದಿನಕ್ಕೂ ಒಂದು ಗಂಟೆಯ ಅಂತರವೂ ಇಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಐದಕ್ಕೆ ಮೊದಲೇ ಹಗಲು. ಡಿಸೆಂಬರಿನಲ್ಲಿ ಎಂಟು ದಾಟಿದರೂ ಸೂರ್ಯನ ಸುಳಿವಿಲ್ಲ. ಬೆಳಗ್ಗೆ ಐದಕ್ಕೆ ಏಳುವುದೇ ಶಿಸ್ತು ಎಂದು ಬದುಕಿದವರಿಗೆ ಇದು ಸಣ್ಣ ತಬ್ಬಿಬ್ಬಲ್ಲ. ಗಡಿಯಾರದ ಬೆಳಗೋ, ಸೂರ್ಯನ ಬೆಳಗೋ? ಒಂದು ವರ್ಷ ಅಲ್ಲಿ ನಡೆದವರಿಗೆ ಉತ್ತರ ತಾನಾಗಿ ದಕ್ಕುತ್ತದೆ. ಶಿಸ್ತಿನ ತಿರುಳು ಗಂಟೆಯಲ್ಲಿಲ್ಲ, ಎದುರುಗೊಳ್ಳುವುದರಲ್ಲಿದೆ. ಬೆಳಕು ಬರುವ ಹೊತ್ತಿಗೆ ನಾವು ಎಚ್ಚರವಾಗಿ, ಹೊರಗಿದ್ದು, ಅದನ್ನು ಬರಮಾಡಿಕೊಂಡೆವೇ ಎಂಬುದಷ್ಟೇ ಮುಖ್ಯ. ಚಳಿಗಾಲದಲ್ಲಿ ಎಂಟೂವರೆಗೆ ಮೋಡದ ಅಂಚಿನಲ್ಲಿ ಮೂಡುವ ಮಂದ ಬೆಳಕಿಗೂ ಕೈಮುಗಿಯಲು ಮನಸ್ಸು ಕಲಿತುಬಿಡುತ್ತದೆ. ನಮ್ಮೂರಿನಲ್ಲಿ ಧಾರಾಳವಾಗಿ ಸುರಿಯುತ್ತಿದ್ದ ಬಿಸಿಲಿನ ಬೆಲೆಯೂ ಆಗಲೇ ತಿಳಿಯುವುದು. ಹೊಸ ನೆಲದ ಋಣ ಹಳೆಯ ನೆಲದ ಋಣವನ್ನು ಮರೆಸುವುದಿಲ್ಲ. ಇನ್ನೂ ಚೆನ್ನಾಗಿ ಓದಿಸುತ್ತದೆ.

ಮರಗಳ ಬಳಿ ಹೋಗಿ ನಿಲ್ಲೋಣ. ಲಂಡನ್ ಪ್ಲೇನ್ ಎಂಬ ಮರ ಆ ನಗರದ ಗುರುತೇ ಆಗಿಬಿಟ್ಟಿದೆ. ಅದರ ತೊಗಟೆ ಚಕ್ಕೆಚಕ್ಕೆಯಾಗಿ ಉದುರುತ್ತಿರುತ್ತದೆ. ಉದುರಿದ ಕಡೆ ಹಳದಿ, ತಿಳಿಹಸಿರು, ಬೂದು ಬಣ್ಣದ ತೇಪೆಗಳು. ಅಂಗೈಯಿಟ್ಟರೆ ಹೊಸ ತೊಗಟೆ ತಣ್ಣಗೆ, ನುಣುಪಾಗಿ ಹತ್ತುತ್ತದೆ. ಹಳೆಯದರ ಅಂಚು ಬೆರಳಿಗೆ ಒರಟು. ಲಂಡನ್ನಿನ ಹೆಸರು ಹೊತ್ತ ಈ ಮರ ಮೂಲದಲ್ಲಿ ಲಂಡನ್ನಿನದಲ್ಲ. ಪೂರ್ವದ ಪ್ಲೇನ್ ಮರಕ್ಕೂ ಅಮೆರಿಕದ ಪ್ಲೇನ್ ಮರಕ್ಕೂ ಬೆರಕೆಯಾಗಿ ಹುಟ್ಟಿದ್ದು. ಕಾರ್ಖಾನೆಗಳ ಮಸಿಯನ್ನು ಹೊತ್ತ ತೊಗಟೆಯನ್ನು ಕಳಚಿಕೊಂಡು ಬದುಕಿ ಉಳಿಯಿತೆಂದು ಜನ ಅದನ್ನು ಬೀದಿಬೀದಿಯಲ್ಲೂ ನೆಟ್ಟರು. ಮಕ್ಕಳು ಶರತ್ಕಾಲದಲ್ಲಿ ಕಾಯಿ ಆಯ್ದು ಆಡುವ ಹಾರ್ಸ್ ಚೆಸ್ಟ್‌ನಟ್ ಮರ ಬಾಲ್ಕನ್ ಬೆಟ್ಟಗಳಿಂದ ಬಂದದ್ದು. ಬೂದು ಅಳಿಲು ಅಮೆರಿಕದ್ದು. ಇನ್ನು ತಲೆಯ ಮೇಲೆ ಕಿರುಚುತ್ತ ಹಾರುವ ಹಸಿರು ಹಿಂಡು? ನಮ್ಮ ಮಾವಿನ ತೋಪಿನ ಗಿಳಿಗಳೇ! ಪಂಜರದಿಂದ ತಪ್ಪಿಸಿಕೊಂಡವು, ಸಾಕಿದವರು ಬಿಟ್ಟವು, ಹೇಗೋ ಆ ಚಳಿಯನ್ನು ತಡೆದುಕೊಂಡು, ಕಳೆದ ಐದಾರು ದಶಕಗಳಲ್ಲಿ ಲಂಡನ್ನಿನ ಪಾರ್ಕುಗಳನ್ನೆಲ್ಲ ತುಂಬಿಕೊಂಡಿವೆ. ಎಲೆಯುದುರಿದ ಮರದಲ್ಲಿ, ಮಂಜಿನ ನಡುವೆ, ಕೆಂಪು ಕೊಕ್ಕಿನ ಗಿಳಿಯನ್ನು ಕಂಡ ನಮ್ಮ ಕಡೆಯ ಹಿರಿಯರ ಮುಖ ಅರಳದೆ ಇರುವುದುಂಟೇ?

ಹಾಗಾದರೆ ಮೂಲನಿವಾಸಿ ಯಾರು, ವಲಸಿಗ ಯಾರು? ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ಲಾಲ್‌ಬಾಗಿಗೂ ಹೋಗಿ ಬರಬಹುದು. ಗನರ್ಸ್‌ಬರಿಯಿಂದ ಥೇಮ್ಸ್ ಸೇತುವೆ ದಾಟಿದರೆ ಸಿಗುವುದು ಕ್ಯೂ ಸಸ್ಯೋದ್ಯಾನ. ಹೈಡ್ ಪಾರ್ಕಿನ ಹೂವಿನ ಮಡಿಗಳಲ್ಲಿ ದುಡಿದು, ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನ ಸೇರಿ ಲಾಲ್‌ಬಾಗನ್ನು ಬೆಳೆಸಿದ ಜರ್ಮನ್ ತೋಟಗಾರ ಕ್ರುಂಬಿಗಲ್ ಯಾರಿಗೆ ಗೊತ್ತಿಲ್ಲ? ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕೆಂದು ಲೆಕ್ಕ ಹಾಕಿ ನೆಡಿಸಿದವರು ಅವರು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು. ಅವುಗಳ ಹೂವಿಲ್ಲದ ಬೆಂಗಳೂರಿನ ಬೇಸಿಗೆಯನ್ನು ನಾವು ಊಹಿಸಬಲ್ಲೆವೇ? ಡ್ರೆಸ್ಡನ್ ಬಳಿ ಹುಟ್ಟಿದ ಕ್ರುಂಬಿಗಲ್ 1956ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲೇ. ಜರ್ಮನಿಯವರೆಂಬ ಕಾರಣಕ್ಕೆ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟದ್ದೂ ಉಂಟು. ಆದರೂ ಅವರು ಈ ನೆಲದವರಲ್ಲ ಎಂದು ಲಾಲ್‌ಬಾಗಿನಲ್ಲಿ ನಡೆದ ಯಾರು ಹೇಳಿಯಾರು? ಪಾಸ್‌ಪೋರ್ಟು ಹೇಳುವ ಸತ್ಯ ಒಂದು, ನೆರಳು ಹೇಳುವ ಸತ್ಯ ಇನ್ನೊಂದು.

ಇಲ್ಲಿ ಒಂದು ಎಚ್ಚರವೂ ಬೇಕು. ಬಂದವರೆಲ್ಲ ನೆರಳನ್ನೇ ತರುತ್ತಾರೆಂದು ಹೇಳಲಾಗದು. ಗಿಳಿಗಳು ಮರದ ಪೊಟರೆಗಳನ್ನು ಮೊದಲೇ ಹಿಡಿದುಬಿಡುವುದರಿಂದ ಅಲ್ಲಿನ ಹಕ್ಕಿಗಳಿಗೆ ಗೂಡು ಸಿಗದೆ ಹೋದೀತೇ ಎಂಬ ಆತಂಕ ಪಕ್ಷಿಗಳನ್ನು ಬಲ್ಲವರಲ್ಲಿದೆ. ಅಮೆರಿಕದ ಬೂದು ಅಳಿಲು ಬಂದ ಮೇಲೆ ಇಂಗ್ಲೆಂಡಿನ ಕೆಂಪು ಅಳಿಲು ಬಹುಪಾಲು ಕಡೆ ಕಾಣದಾಯಿತು. ಹೊಸ ಕಡೆಗೆ ಹೋಗಿ ನೆಲೆಸುವವರು ಇದನ್ನೂ ಯೋಚಿಸಬೇಕಲ್ಲವೇ? ನಮ್ಮ ಬರವಿನಿಂದ ಇನ್ನೊಬ್ಬರ ಎಡೆ ಕಿರಿದಾಗಬಾರದು. ಬೆಳಗಿನ ಮೌನವನ್ನು ಪ್ರೀತಿಸುವವರ ಪಕ್ಕದಲ್ಲಿ ನಮ್ಮ ಮೊಬೈಲು ಸ್ಪೀಕರಿನಲ್ಲಿ ಹಾಡಬಾರದು. ಕಿರಿದಾದ ದಾರಿಯಲ್ಲಿ ನಾಲ್ವರು ಸಾಲಾಗಿ ನಡೆದರೆ ಎದುರು ಬರುವವರು ಹುಲ್ಲಿಗಿಳಿಯಬೇಕಾಗುತ್ತದೆ. ಸಣ್ಣ ಮಾತುಗಳೆಂದು ತೋರಬಹುದು. ಇನ್ನೊಬ್ಬರ ಎಡೆಯ ಅರಿವು ಇಂಥ ಸಣ್ಣದರಲ್ಲೇ ಪರೀಕ್ಷೆಗೆ ಒಳಗಾಗುವುದು.

ಹಾಗೆ ನಡೆಯುತ್ತ ಇದ್ದರೆ ಎದುರಿನವರೂ ನಮ್ಮನ್ನು ಗುರುತಿಸತೊಡಗುತ್ತಾರೆ. ಮೊದಲ ವಾರಗಳಲ್ಲಿ ಬರಿಯ ತಲೆಬಾಗು. ಬಳಿಕ ಗುಡ್ ಮಾರ್ನಿಂಗ್. ಆಮೇಲೆ ಮಳೆಯ ಬಗ್ಗೆ, ಚಳಿಯ ಬಗ್ಗೆ ಒಂದು ಮಾತು. ಅಲ್ಲಿನವರು ಹವೆಯ ವಿಷಯವನ್ನೇ ಏಕೆ ಆಡುತ್ತಾರೆ ಎಂದು ನಮ್ಮವರಿಗೆ ಅನ್ನಿಸುವುದುಂಟು. ನಾವು ಎದುರಾದವರನ್ನು ‘ತಿಂಡಿ ಆಯ್ತಾ’ ಎಂದು ಕೇಳುವುದಿಲ್ಲವೇ? ತಿಂಡಿಯ ಪಟ್ಟಿ ಯಾರಿಗೆ ಬೇಕು. ನೀವು ಇದ್ದೀರಿ, ನಿಮ್ಮನ್ನು ಕಂಡೆ ಎಂಬುದು ಅದರ ಒಳಗಿನ ಮಾತು. ಮಳೆಯ ಮಾತಿನ ಒಳಗೂ ಅದೇ ಇದೆ. ಒಂದು ವಾರ ಜ್ವರ ಬಂದು ಮಲಗಿ ಮತ್ತೆ ಹೋದಾಗ, ಹೆಸರೂ ತಿಳಿಯದ ಒಬ್ಬ ವೃದ್ಧೆ ನಾಯಿಯ ಹಗ್ಗವನ್ನು ಬಿಗಿಹಿಡಿದು ನಿಂತು, ಎಲ್ಲಿ ಹೋಗಿದ್ದಿರಿ, ಆರೋಗ್ಯ ತಾನೇ ಎಂದು ವಿಚಾರಿಸಿದರೆ, ಊರು ಬಿಟ್ಟಾಗ ಕಳೆದುಕೊಂಡದ್ದರ ಒಂದು ಪಾಲು ಅಂದು ಮರಳಿ ಕೈಸೇರಿತು ಎನ್ನಬೇಕು.

ಗನರ್ಸ್‌ಬರಿ ಪಾರ್ಕಿಗೆ ತಾಗಿಕೊಂಡೇ ಒಂದು ಸ್ಮಶಾನವಿದೆ. ಅಲ್ಲಿ 1976ರಲ್ಲಿ ನಿಲ್ಲಿಸಿದ ಕಪ್ಪು ಕಲ್ಲಿನ ಕಟೀನ್ ಸ್ಮಾರಕವಿದೆ. 1940ರಲ್ಲಿ ಸೋವಿಯತ್ ಗುಪ್ತ ಪೊಲೀಸರು ಕೊಂದ ಸಾವಿರಾರು ಪೋಲಿಷ್ ಸೇನಾಧಿಕಾರಿಗಳ ನೆನಪಿಗಾಗಿ, ತಮ್ಮ ದೇಶಕ್ಕೆ ಮರಳಲಾಗದೆ ಲಂಡನ್ನಿನಲ್ಲೇ ಉಳಿದ ಪೋಲಿಷ್ ಜನ ಕಟ್ಟಿದ್ದು. ಮಕ್ಕಳ ಮುಖ ನೋಡಿಕೊಂಡಿರಲು, ಬೇಕೆನಿಸಿದಾಗ ಟಿಕೆಟ್ ತೆಗೆಸಿ ಊರಿಗೆ ಹೋಗಿಬರಲು ಸಾಧ್ಯವಿರುವ ನಾವು ಆ ಸ್ಮಶಾನದ ಬಳಿ ಹಾದುಹೋಗುವಾಗ ನಮ್ಮ ಕೊರತೆಯ ಅಳತೆಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಹಿಂದಿರುಗುವ ದಾರಿಯೇ ಮುಚ್ಚಿಹೋದವರು ಅಲ್ಲಿ ಮಲಗಿದ್ದಾರೆ. ಅವರೂ ಈ ಪಾರ್ಕಿನಲ್ಲಿ ನಡೆದಿರಬೇಕು, ಇದೇ ಕೊಳವನ್ನು ನೋಡುತ್ತ ವಾರ್ಸಾದ ಯಾವುದೋ ಕೊಳವನ್ನು ನೆನೆದಿರಬೇಕು. ನಮ್ಮ ದುಃಖ ಸುಳ್ಳೆಂದಲ್ಲ. ಇನ್ನೊಬ್ಬರ ದುಃಖದ ಪಕ್ಕದಲ್ಲಿ ಇಟ್ಟು ನೋಡಿದಾಗ ಅದಕ್ಕೆ ಅದರ ಸರಿಯಾದ ಗಾತ್ರ ಬರುತ್ತದೆ. ಜೊತೆಗೆ, ಅದು ನಮ್ಮೊಬ್ಬರದೇ ಅಲ್ಲ ಎಂಬ ಸಮಾಧಾನವೂ ಬರುತ್ತದೆ.

ಇಂಗ್ಲೆಂಡಿನ ಪಾರ್ಕುಗಳಲ್ಲಿ ಬೆಂಚಿನ ಬೆನ್ನಿಗೆ ಒಂದು ಸಣ್ಣ ಲೋಹದ ತಗಡು ಹೊಡೆದಿರುವುದನ್ನು ಎಲ್ಲೆಡೆ ಕಾಣುತ್ತೇವೆ. ಬೆಳಗಿನ ಇಬ್ಬನಿಯನ್ನು ಕರವಸ್ತ್ರದಿಂದ ಒರೆಸಿ ಕೂರುವ ಮುನ್ನ ಕಣ್ಣು ಆ ತಗಡಿನ ಮೇಲೆ ಬೀಳುತ್ತದೆ. ಒಂದು ಹೆಸರು, ಎರಡು ಇಸವಿ, ಈ ಜಾಗ ಅವರಿಗೆ ಪ್ರಿಯವಾಗಿತ್ತು ಎಂಬ ಒಂದು ಸಾಲು. ಅಕ್ಷರಗಳು ಅರ್ಧ ಸವೆದಿರುತ್ತವೆ. ಸವೆಸಿದ್ದು ಕೂತವರ ಬೆನ್ನು. ಸತ್ತವರ ಹೆಸರಿನಲ್ಲಿ, ಯಾರೆಂದು ತಿಳಿಯದ ದಾರಿಹೋಕನಿಗೆ ಕೂರಲು ಎಡೆ! ನಮ್ಮ ಹಳೆಯ ದಾರಿಗಳ ಬದಿಯ ಹೊರೆಗಲ್ಲು ಇದೇ ಅಲ್ಲವೇ? ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲೆಂದು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ಇಟ್ಟವರಿಗೂ ಇಳಿಸಿದವರಿಗೂ ಪರಿಚಯವಿಲ್ಲ. ಪರದೇಶದ ಮುಂಜಾನೆ ಆ ಬೆಂಚಿನ ಮೇಲೆ ಕೂರುವ ನಮ್ಮವರ ತಲೆಯ ಮೇಲೂ ಹೊರೆಯಿದೆ. ಅಗಲಿದವರ ನೆನಪು, ಮಾರಿದ ಮನೆಯ ಚಿಂತೆ, ಮುಂದೆ ಯಾರಿಗೆ ಭಾರವಾಗುತ್ತೇವೋ ಎಂಬ ಅಳುಕು. ಒಬ್ಬ ಅಪರಿಚಿತನ ಪ್ರೀತಿಯ ಮೇಲೆ ಅದನ್ನು ಇಳಿಸಿ ಒಂದು ಗಳಿಗೆ ಕೂರುತ್ತೇವೆ.

ಪಡೆದದ್ದು ಇಷ್ಟಾದರೆ ಕೊಡುವುದೇನು? ಋಣದ ಮಾತೆತ್ತಿದವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ, 2015ರಿಂದ ಬಸವೇಶ್ವರರ ಪ್ರತಿಮೆಯಿದೆ. ಲಂಡನ್ನಿಗೆ ಹೋದ ಕನ್ನಡಿಗರು ಅಲ್ಲಿ ನಿಂತು ಹೆಮ್ಮೆಪಡುತ್ತಾರೆ, ಪಡಬೇಕಾದದ್ದೇ. ಆದರೆ ಬಸವೇಶ್ವರರು ಕಲಿಸಿದ್ದು ಕಾಯಕ ಮತ್ತು ದಾಸೋಹ. ದುಡಿದದ್ದರಲ್ಲಿ, ಪಡೆದದ್ದರಲ್ಲಿ ಒಂದು ಪಾಲು ಎಲ್ಲರಿಗಾಗಿ ಹೋಗಬೇಕು. ಅದಕ್ಕೆ ಬೇಕಾದ ಅವಕಾಶ ಪಾರ್ಕಿನಲ್ಲೇ ಇದೆ. ಅಲ್ಲಿನ ಅನೇಕ ಪಾರ್ಕುಗಳಿಗೆ ಊರವರೇ ಕೂಡಿ ಕಟ್ಟಿಕೊಂಡ ಗೆಳೆಯರ ಬಳಗಗಳಿವೆ. ರಜಾದಿನ ಸೇರಿ ಕಸ ಹೆಕ್ಕುತ್ತಾರೆ, ಗುಲಾಬಿ ಸವರುತ್ತಾರೆ, ವಸಂತಕ್ಕೆ ಅರಳಲೆಂದು ಶರತ್ಕಾಲದಲ್ಲಿ ಗೆಡ್ಡೆಗಳನ್ನು ಹೂಳುತ್ತಾರೆ. ಹೂವಿನ ಗಿಡ ಸಾಕಿದ, ಹಿತ್ತಲಿನಲ್ಲಿ ಕೈಯಾಡಿಸಿದ ನಮ್ಮ ಹಿರಿಯರಿಗೆ ಆ ಕೆಲಸದಲ್ಲಿ ಹೊಸತೇನಿದೆ? ಇಂಗ್ಲಿಷ್ ಸರಾಗವಾಗಿ ಬಾರದೆ ಇರಬಹುದು. ಮಣ್ಣನ್ನು ಮುಟ್ಟುವ ಕೈಗೆ ಅದರ ಅಗತ್ಯ ಅಷ್ಟಿಲ್ಲ. ಕೂತು ದಿನ ಕಳೆಯುವ ಅತಿಥಿಯ ಸಂಕೋಚ ಹೋಗಿ, ಬೇಕಾದವರೆಂಬ ಭಾವ ಮೂಡುವುದು ಅಂಥಲ್ಲಿ. ಮುದಿತನದ ದೊಡ್ಡ ಹಸಿವು ಯಾವುದು? ನನ್ನಿಂದ ಯಾರಿಗಾದರೂ ಏನಾದರೂ ಆದೀತು ಎಂಬ ನಂಬಿಕೆಯೇ ತಾನೇ?

ಮಕ್ಕಳಿಗೂ ಇಲ್ಲಿ ಒಂದು ಮಾತಿದೆ. ತಂದೆತಾಯಿಯನ್ನು ಕರೆಸಿಕೊಂಡಾಗ ನಾವು ಕೋಣೆ ಸಿದ್ಧಪಡಿಸುತ್ತೇವೆ, ವಿಮೆ ಮಾಡಿಸುತ್ತೇವೆ, ಕನ್ನಡ ಚಾನೆಲ್ ಹಾಕಿಸುತ್ತೇವೆ. ಇವೆಲ್ಲದರ ಜೊತೆಗೆ ಮೊದಲ ವಾರದಲ್ಲೇ ಅವರ ಕೈಹಿಡಿದು ಹತ್ತಿರದ ಪಾರ್ಕಿನ ದಾರಿಯನ್ನು ತೋರಿಸಬೇಕು. ಎಲ್ಲಿ ರಸ್ತೆ ದಾಟಬೇಕು, ಎಲ್ಲಿ ಶೌಚಾಲಯವಿದೆ, ಮಳೆ ಬಂದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳಿಕೊಡಬೇಕು. ಮತ್ತೆ ಕೆಲವು ದಿನಗಳಾದ ಮೇಲೆ ಅವರನ್ನು ಒಂಟಿಯಾಗಿ ಹೋಗಲು ಬಿಡಬೇಕು. ಜಾಗ್ರತೆಯ ಹೆಸರಿನಲ್ಲಿ ಮನೆಯೊಳಗೇ ಕೂರಿಸಿದರೆ, ಹೊಸ ನೆಲದೊಡನೆ ಅವರಿಗೆ ಅವರದೇ ನಂಟು ಬೆಳೆಯುವುದಾದರೂ ಹೇಗೆ?

ಊರಿನಲ್ಲೇ ಉಳಿದಿರುವ ನಮಗೂ ಈ ಚಿಂತನೆ ಹೊರಗಿನದಲ್ಲ. ಕಬ್ಬನ್ ಪಾರ್ಕನ್ನೂ ಲಾಲ್‌ಬಾಗನ್ನೂ ಕಾಯಲೆಂದು ಕರ್ನಾಟಕದಲ್ಲಿ 1975ರಷ್ಟು ಹಿಂದೆಯೇ ಉದ್ಯಾನ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆಗೆ ಕಣ್ಣಿಲ್ಲ, ಕಾಲಿಲ್ಲ. ನಡೆಯುವ ಜನರೇ ಅದರ ಕಣ್ಣು, ಅದರ ಕಾಲು. ಪೂರ್ವ ಲಂಡನ್ನಿನ ಆ 30,000 ಸಹಿಗಳು ನಮಗೆ ಕಲಿಸುವುದು ಇದನ್ನೇ. ಇಂದು ಬೆಂಗಳೂರಿನ ಪಾರ್ಕುಗಳಲ್ಲೂ ಬಿಹಾರದಿಂದ, ಒಡಿಶಾದಿಂದ, ಮಣಿಪುರದಿಂದ ದುಡಿಯಲು ಬಂದವರು ಭಾನುವಾರ ಹುಲ್ಲಿನ ಮೇಲೆ ಕೂತು ಊರಿಗೆ ವಿಡಿಯೊ ಕಾಲ್ ಮಾಡುತ್ತಿರುತ್ತಾರೆ. ನಮ್ಮ ತಂದೆತಾಯಿಗೆ ಗನರ್ಸ್‌ಬರಿಯಲ್ಲಿ ಸಿಕ್ಕ ಆ ತಲೆಬಾಗು, ಆ ಒಂದು ನಗು, ಅವರಿಗೆ ನಮ್ಮಿಂದ ಸಿಗುತ್ತಿದೆಯೇ? ಅಲ್ಲಿ ಪಡೆದದ್ದನ್ನು ಅಲ್ಲಿಯೇ ತೀರಿಸಬೇಕೆಂಬ ನಿಯಮವೇನೂ ಇಲ್ಲ. ಲೋಕ ನಡೆದು ಬಂದಿರುವುದೇ ಒಂದು ಕಡೆ ಪಡೆದದ್ದನ್ನು ಇನ್ನೊಂದು ಕಡೆ ಕೊಡುತ್ತ.

ನಿಮ್ಮ ಊರು ಯಾವುದೆಂದು ಪಾರ್ಕಿನ ಬೆಂಚಿನ ಮೇಲೆ ಯಾರಾದರೂ ಕೇಳಿದರೆ, ಹುಟ್ಟಿ ಬೆಳೆದ ಊರಿನ ಹೆಸರನ್ನೇ ಪ್ರೀತಿಯಿಂದ ಹೇಳೋಣ. ಅದು ಎಂದಿಗೂ ಬದಲಾಗದ ಸತ್ಯ. ಆದರೆ ನಮ್ಮ ಹೆಜ್ಜೆಗೆ ಎಡೆಕೊಟ್ಟ ನೆಲ ನಮ್ಮನ್ನು ಕೇಳುವುದು ಊರಿನ ಹೆಸರನ್ನಲ್ಲ. ನೀವು ನಡೆದದ್ದರಿಂದ ಇಲ್ಲಿ ಇನ್ನೊಬ್ಬರ ನಡಿಗೆ ಸ್ವಲ್ಪವಾದರೂ ಹಗುರವಾಯಿತೇ ಎಂದು ಅದು ಕೇಳುತ್ತದೆ. ಬೆಂಗಳೂರಾಗಲಿ, ಲಂಡನ್ನಾಗಲಿ, ಇರುವಷ್ಟು ಕಾಲ ಆ ಪ್ರಶ್ನೆಗೆ ಹೌದು ಎನ್ನುವಂತೆ ಬದುಕುವುದೇ ನಾವು ಸಲ್ಲಿಸಬಹುದಾದ ಬಾಡಿಗೆ, ನಾವು ಗಳಿಸಬಹುದಾದ ಪೌರತ್ವ.